ಮೊಳದುದ್ದದ ಹಗ್ಗ

ಫೆಬ್ರವರಿ 9, ಭಾನುವಾರ

ಪ್ರೀತಿಯ ಅಕ್ಕ,

ಉತ್ತರ ಇಷ್ಟು ತಡವಾಯಿತೆಂದು ನೀನು ನನ್ನನ್ನು ಬೈದುಕೊಳ್ಳುತ್ತಿರುತ್ತೀಯ. ಬೈ, ಆದರೆ ಪೂರ್ತಿ ಓದಿದ ಮೇಲೆ ಬೈ. ಮಂಡಿ ಹೇಗಿದೆ? ಭಾವ ಮೆಟ್ಟಿಲಿಗೆ ಹಿಡಿಕಂಬಿ ಹಾಕಿಸಿದರೋ, ಇಲ್ಲ ಇನ್ನೂ 'ನಾಳೆ ಬಡಗಿ ಬರ್ತಾನೆ' ಎನ್ನುತ್ತಲೇ ಇದ್ದಾರೋ? ಅವರ ಮಾತು ನಂಬಿಕೊಂಡು ನೀನು ಮಹಡಿ ಹತ್ತಲು ಹೋಗಬೇಡ.

'ಫೋನ್ ಇದೆಯಲ್ಲೇ ಕಡ್ಡಿ, ಯಾವ ಕಾಲದವಳು ನೀನು' ಎಂದು ಬರೆದಿದ್ದೆ. ನಮ್ಮ ಮನೆ ನೋಡಿದ್ದೀಯಲ್ಲ. ಎರಡು ಕೋಣೆ, ನಡುವಿನ ಬಾಗಿಲಿಗೆ ಕದವೇ ಇಲ್ಲ. ಕಣ್ಣು ಹೋದ ಮೇಲೆ ಇವರ ಕಿವಿ ಎಷ್ಟು ಚುರುಕಾಗಿದೆಯೆಂದರೆ, ಫೋನಿನಲ್ಲಿ ಆ ಕಡೆಯಿಂದ ನೀನು ಹೇಳುವುದೂ ಇವರಿಗೆ ಕೇಳಿಸುತ್ತದೆ. ಮೆಸೇಜು ಕಳಿಸಿದರೆ ಫೋನು ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಇವರ ಅನುಕೂಲಕ್ಕೆಂದು ನಾನೇ ಹಾಗೆ ಮಾಡಿಸಿಟ್ಟಿದ್ದೇನೆ. ಕಾಗದದ ಮೇಲೆ ಪೆನ್ನಿನಲ್ಲಿ ಬರೆದರೆ ಮಾತ್ರ ಇವರಿಗೆ ತಿಳಿಯುವುದಿಲ್ಲ. ಹಾಗೆಂದುಕೊಂಡಾಗ ನಾಚಿಕೆಯಾಗುತ್ತದೆ. ಕಾಣದವರ ಎದುರಿಗೇ ಕೂತು ಬರೆಯುವುದೆಂದರೆ ಅವರ ಮುಖದ ಮೇಲೆ ಬಾಗಿಲು ಹಾಕಿಕೊಂಡ ಹಾಗಲ್ಲವೇ?

ಈಗ ಇವರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಶೂಗಳ ಲೇಸು ತೆಗೆದು ತೊಳೆಯಲು ಹಾಕುತ್ತಿದ್ದಾರೆ. 'ಏನು ಗೀಚ್ತಾ ಇದೀಯ?' ಎಂದರು. 'ಅಕ್ಕನಿಗೆ' ಎಂದೆ. 'ನನ್ನ ಮೇಲೆ ಚಾಡಿನಾ?' 'ಹೂಂ, ಆಗಲೇ ಎರಡು ಪುಟ ಆಯ್ತು.' ನಕ್ಕರು. ಈಚೆಗೆ ಅವರು ನಕ್ಕರೆ ನಾನು ಕೆಲಸ ನಿಲ್ಲಿಸಿ ಕೇಳುತ್ತೇನೆ.

ವಿಷಯಕ್ಕೆ ಬರುತ್ತೇನೆ. ಇಷ್ಟು ವರ್ಷ ನಾವು ಹತ್ತು ಕಿಲೋಮೀಟರಿನ ಓಟಗಳಲ್ಲಿ ಓಡುತ್ತಿದ್ದೆವು. ಇವರು ಬಲಕ್ಕೆ, ನಾನು ಎಡಕ್ಕೆ, ನಡುವೆ ಎರಡೂ ತುದಿಗೆ ಕುಣಿಕೆಯಿರುವ ಮೊಳದುದ್ದದ ಹಗ್ಗ. ಈ ವರ್ಷ ಇವರು ಮ್ಯಾರಥಾನ್ ಓಡಬೇಕೆಂದು ಹೊರಟಿದ್ದಾರೆ. ಸೆಪ್ಟೆಂಬರಿನ ಓಟದಲ್ಲಿ ಗೊತ್ತುಪಡಿಸಿದ ಸಮಯದೊಳಗೆ ಮುಗಿಸಿದರೆ ಕಣ್ಣಿಲ್ಲದವರ ತಂಡಕ್ಕೆ ಸೇರಿಸಿಕೊಳ್ಳುತ್ತಾರೆ, ತಿಂಗಳುಗಟ್ಟಲೆ ಶಿಬಿರ, ಆಮೇಲೆ ದೊಡ್ಡ ಪಂದ್ಯ. ಮುಂದಿನ ವರ್ಷ ಇವರ ವಯಸ್ಸು ಮಿತಿ ದಾಟುತ್ತದೆ. ಅಂದರೆ ಇದೇ ಕೊನೆ.

ಇದು ಬರೀ ಓಟದ ವಿಷಯವಲ್ಲ ಎನ್ನುವುದು ನಿನಗೂ ಗೊತ್ತು. ಕಣ್ಣು ಹೋಗಿ ನಕ್ಷೆ ಬರೆಯುವ ಕೆಲಸ ಕಳೆದುಕೊಂಡ ವರ್ಷ ಇವರು ಗೋಡೆಗೆ ಮುಖ ಮಾಡಿ ಮಲಗಿದ್ದರಲ್ಲ, ನೀನು ಬಂದಾಗಲೂ ಏಳಲಿಲ್ಲವಲ್ಲ, ಆ ಗೋಡೆ ಇನ್ನೂ ಅಲ್ಲೇ ಇದೆ. ಓಡದ ದಿನ ಇವರು ಆ ಕಡೆಗೇ ಹೊರಳುತ್ತಾರೆ.

ಆದ್ದರಿಂದ ನಾವು ಓಡುವ ದೂರ ಹೆಚ್ಚಿಸಿದೆವು. ಮೊದಲು ವಾರಕ್ಕೆ ಓಡುತ್ತಿದ್ದುದರ ಎರಡರಷ್ಟು ಈಗ ಓಡುತ್ತಿದ್ದೇವೆ. ದೂರವೇನೋ ಮೈಗೆ ಹತ್ತಿತು, ಆದರೆ ನನ್ನ ವೇಗ ಹೊರಟುಹೋಯಿತು. ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ದಿನವಿಡೀ ಸೀಸೆಗಳ ಮುಂದೆ ನಿಂತೇ ಇರುತ್ತೇನೆ. ಸಂಜೆ ಮೆಟ್ಟಿಲಿಳಿಯುವಾಗ ಕಾಲು ಕೊರಡಿನ ಹಾಗಿರುತ್ತದೆ. ಹೋದ ವಾರ ಟ್ರ್ಯಾಕಿನಲ್ಲಿ ಒಬ್ಬಳೇ ಓಡಿ ನೋಡಿದೆ. ಹಿಂದಿನ ವರ್ಷ ಮಾತಾಡಿಕೊಂಡು ಓಡುತ್ತಿದ್ದ ವೇಗಕ್ಕೆ ಈಗ ಬಾಯಿ ತೆರೆದು ಉಸಿರೆಳೆಯಬೇಕಾಯಿತು. ಹಗ್ಗ ಹಿಡಿದವಳಿಗೆ ಇದಾಗದು. ಅವರಿಗಿಂತ ನನ್ನಲ್ಲಿ ಉಸಿರು ಹೆಚ್ಚು ಉಳಿದಿರಬೇಕು. 'ಹಳ್ಳ', 'ಎಡಕ್ಕೆ', 'ಈಗ ಉಬ್ಬು' ಎಂದು ಕೊನೆಯ ಹೆಜ್ಜೆಯವರೆಗೂ ಹೇಳುತ್ತಿರಬೇಕು.

ನಮಗೆ ತರಬೇತಿ ಕೊಡುವ ಸೀಟಿ ಮೇಷ್ಟ್ರು (ನಿವೃತ್ತರಾಗಿ ಹತ್ತು ವರ್ಷವಾದರೂ ಕುತ್ತಿಗೆಯಿಂದ ಸೀಟಿ ತೆಗೆದಿಲ್ಲ) ನೇರವಾಗಿಯೇ ಹೇಳಿದರು. 'ನೋಡಮ್ಮಾ, ಅವನ ಕಾಲಲ್ಲಿ ಇನ್ನೂ ಇದೆ. ನಿನ್ನ ಕಾಲಲ್ಲಿ ಇಲ್ಲ. ಬೇಸಿಗೆ ಮುಗಿಯೋದ್ರೊಳಗೆ ನಿನ್ನ ವೇಗ ವಾಪಸ್ ಬರ್ಬೇಕು. ಬರ್ಲಿಲ್ಲ ಅಂದ್ರೆ ಅವನಿಗೆ ಬೇರೆಯವರನ್ನ ಕಟ್ತೀನಿ. ಬೇಜಾರು ಮಾಡ್ಕೋಬೇಡ.'

ಬೇಜಾರಾಯಿತು. ಆ ಮಾತಿಗಿಂತ ಹೆಚ್ಚಾಗಿ, ಅದು ನ್ಯಾಯವಾದ ಮಾತು ಎನ್ನುವುದಕ್ಕೆ. ಆ ಜಾಗ ಬಿಟ್ಟುಕೊಡಲು ನನಗೆ ಇಷ್ಟವಿಲ್ಲ ಅಕ್ಕ. ಇವರಿಗಾಗಿ ಹೀಗೆ ಹೇಳುತ್ತಿದ್ದೇನೋ ನನಗಾಗಿಯೋ ಎಂದು ಕೇಳಿಕೊಂಡರೆ ಉತ್ತರ ಚೆನ್ನಾಗಿ ಬರುವುದಿಲ್ಲ.

ಇವರನ್ನೇ ಕೇಳಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಒಂದು ಪ್ರಶ್ನೆಗೆ ಜಾಗವಿಲ್ಲ. ಕಣ್ಣು ಮಂಜಾಗುತ್ತಿದ್ದ ಕಾಲದಲ್ಲಿ ಎದುರು ಬಂದವರೆಲ್ಲ 'ಕಾಣ್ತಿದೆಯಾ? ಸುಸ್ತಾಯ್ತಾ? ಕೂತ್ಕೋತೀರಾ?' ಎಂದು ಕೇಳುತ್ತಿದ್ದರು. ಒಂದು ದಿನ ಇವರು ಊಟದ ತಟ್ಟೆ ಪಕ್ಕಕ್ಕೆ ತಳ್ಳಿ, 'ನೀನೊಬ್ಬಳು ಕೇಳ್ಬೇಡ ಕಣೇ, ಅಷ್ಟು ಉಪಕಾರ ಮಾಡು' ಎಂದರು. ಆಮೇಲೆ ನಾನು ಕೇಳಿಲ್ಲ. ಸಮಸಮ ಇರಲಿ ಎಂದೋ ಏನೋ, ಇವರೂ ನನ್ನನ್ನು ಕೇಳುವುದು ಬಿಟ್ಟರು. ಓಡುವಾಗಲೂ ಹಾಗೇ. ಹಗ್ಗ ಹೇಳಿದಷ್ಟೇ ನಮಗೆ ಗೊತ್ತು. ಬಿಗಿಯಾದರೆ ಇವರು ಮುಂದೆ ಹೋಗಬೇಕೆಂದಿದ್ದಾರೆ, ಸಡಿಲಾದರೆ ಸುಸ್ತಾಗಿದ್ದಾರೆ.

ಮಕ್ಕಳಿಗೆ ಮುತ್ತು. ನಿನ್ನ ಮಂಡಿಗೆ ಬೈಗುಳ. ದೊಡ್ಡವಳು ನೀನು, ಒಳ್ಳೆಯದಾಗಲಿ ಎಂದು ಒಂದು ಮಾತು ಅನ್ನು. ನೀನಂದದ್ದು ಹೇಗೋ ಆಗಿಬಿಡುತ್ತದೆ.

ನಿನ್ನ
ಕಡ್ಡಿ

ಮತ್ತೆ: ಬೇರೆಯವರನ್ನು ಕಟ್ಟುವ ಮಾತನ್ನು ಮೇಷ್ಟ್ರು ಇವರ ಎದುರಿಗೇ ಆಡಿದ್ದು. ಇವರು ತಲೆ ಬಗ್ಗಿಸಿ ಲೇಸು ಕಟ್ಟಿಕೊಳ್ಳುತ್ತಿದ್ದರು. ಬೇಡ ಎನ್ನಲಿಲ್ಲ.


ಮೇ 18, ಭಾನುವಾರ

ಅಕ್ಕ,

ಈ ಸಲದ ತಡಕ್ಕೆ ಕಾರಣ ನಿದ್ದೆ. ಬರೆಯಲು ಕೂತರೆ ಪೆನ್ನು ಹಿಡಿದ ಹಾಗೇ ತೂಕಡಿಸುತ್ತೇನೆ. ಹಿಡಿಕಂಬಿ ಬಂತೆಂದು ಓದಿ ಸಂತೋಷವಾಯಿತು. ಬಡಗಿ ಅದನ್ನು ತಪ್ಪು ಪಕ್ಕಕ್ಕೆ ಹಾಕಿದ್ದನ್ನು ಓದಿ ನಗು ತಡೆಯಲಾಗಲಿಲ್ಲ, ಕ್ಷಮಿಸು. 'ಎಲ್ಲರೂ ಮದುವೆಗೆ ಮುಂಚೆ ಓಡಿಹೋಗ್ತಾರೆ, ನೀವಿಬ್ರೂ ಇಪ್ಪತ್ತು ವರ್ಷ ಸಂಸಾರ ಮಾಡಿ ಆಮೇಲೆ ಓಡ್ತಾ ಇದೀರ' ಎಂದು ಬರೆದಿದ್ದೆಯಲ್ಲ, ಅದನ್ನು ಇವರಿಗೆ ಓದಿ ಹೇಳಿದೆ. ಕೆಮ್ಮು ಬರುವಷ್ಟು ನಕ್ಕರು. 'ನಿಮ್ಮಕ್ಕನ್ನ ತಂಡಕ್ಕೆ ಸೇರಿಸ್ಕೋಬೇಕು, ಬಾಯಲ್ಲೇ ಮ್ಯಾರಥಾನ್ ಓಡ್ತಾಳೆ' ಎಂದರು.

ನನ್ನ ವೇಗ ವಾಪಸು ಬಂತು ಅಕ್ಕ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಹೇಗೆ ಬಂತೆಂದರೆ ನೀನು ನಂಬುವುದಿಲ್ಲ: ನಿಧಾನ ಓಡಿ. ಮೇಷ್ಟ್ರು ಕೂರಿಸಿಕೊಂಡು ಕೇಳಿದರು. 'ಆರಾಮಿನ ದಿನ ಎಷ್ಟು ವೇಗದಲ್ಲಿ ಓಡ್ತೀಯ?' ಹೇಳಿದೆ. 'ಬಿರುಸಿನ ದಿನ?' ಹೇಳಿದೆ. 'ಎರಡೂ ಒಂದೇ ಅಲ್ವೇನಮ್ಮಾ! ಉಪ್ಪೂ ಹಾಕಿಲ್ಲ, ಸಕ್ಕರೇನೂ ಹಾಕಿಲ್ಲ, ಬರೀ ಬಿಸಿನೀರು ಕುಡೀತಾ ಇದೀಯ.' ದೂರ ಕಡಿಮೆ ಮಾಡಲೇ ಎಂದು ಕೇಳಿದೆ. 'ಒಂದು ಗಜಾನೂ ಬೇಡ. ದೂರ ಹಾಗೇ ಇರ್ಲಿ. ದಿನಾ ಸಾಯೋದು ಬಿಡು, ವಾರಕ್ಕೆ ಎರಡು ದಿನ ಸಾಯಿ ಸಾಕು.'

ಅಂದಿನಿಂದ ಆರಾಮಿನ ದಿನಗಳಲ್ಲಿ ನಾಚಿಕೆಯಾಗುವಷ್ಟು ನಿಧಾನ ಓಡಿದೆ. ಕೆಳಮನೆಯ ಟೈಲರಮ್ಮ ತರಕಾರಿ ಚೀಲ ಹಿಡಿದುಕೊಂಡು ನನ್ನ ಪಕ್ಕದಲ್ಲೇ ನಡೆದುಕೊಂಡು ಬಂದರು. 'ಏನ್ರೀ, ಕಾಲಿಗೇನಾಯ್ತು?' 'ಏನಿಲ್ಲ, ಓಡ್ತಾ ಇದೀನಿ.' 'ಹೌದಾ? ಸರಿ, ನಾನು ಮುಂದೆ ಹೋಗಿರ್ತೀನಿ' ಎಂದು ನನ್ನನ್ನು ಹಿಂದೆ ಹಾಕಿ ಹೋದರು! ನಿನಗೆ ನೆನಪಿದೆಯೋ ಇಲ್ಲವೋ, ನಮ್ಮ ಇಂಗ್ಲಿಷ್ ಶಾಲೆಯವರು ಪ್ರಗತಿ ಪತ್ರದಲ್ಲಿ 'ಸ್ಲೋ' ಎಂದು ಬರೆದು ಕಳಿಸಿದರೆ, ಸಹಿ ಹಾಕುವ ಮುಂಚೆ ಅಪ್ಪ ಕನ್ನಡಕ ತೆಗೆದು ಒರೆಸುತ್ತಿದ್ದರು. ನಿಧಾನವೆಂದರೆ ಕೆಟ್ಟದ್ದೆಂದು ನನ್ನ ಮೈಗೆ ಯಾರು ಕಲಿಸಿದರೋ, ಬಿಡಿಸಲು ಇಷ್ಟು ಕಾಲ ಬೇಕಾಯಿತು.

ಆ ನಿಧಾನದ ಓಟದ ಕೊನೆಯಲ್ಲಿ ಮಾತ್ರ ಒಂದು ವಿದ್ಯುತ್ ಕಂಬದಿಂದ ಇನ್ನೊಂದು ಕಂಬದವರೆಗೆ ಬಿರುಸಾಗಿ ಓಡುವುದು, ಉಸಿರು ತಿರುಗುವವರೆಗೆ ನಡೆಯುವುದು, ಮತ್ತೆ ಓಡುವುದು. ವಾರಕ್ಕೊಮ್ಮೆ ಲ್ಯಾಬಿನ ಹಿಂದೆ ನೀರಿನ ದೊಡ್ಡ ಟ್ಯಾಂಕಿಗೆ ಹೋಗುವ ಏರು ರಸ್ತೆ. ಮೊದಮೊದಲು ಏನೂ ಆಗಲಿಲ್ಲ. ಒಂದು ಸಂಜೆ ಟ್ರ್ಯಾಕಿನ ತಿರುವಿನಲ್ಲಿ ಕಾಲು ತಾನಾಗಿ ತಿರುಗತೊಡಗಿತು. ಹೇಗೆ ಹೇಳಲಿ, ಬಹಳ ದಿನ ತುಕ್ಕು ಹಿಡಿದ ನಲ್ಲಿ ಮೊದಲು ಗೊರಗೊರ ಎಂದು, ಆಮೇಲೆ ಧಾರೆ ಬಿಟ್ಟ ಹಾಗೆ. ಮೇಷ್ಟ್ರು ಗಡಿಯಾರ ನೋಡಿ ಸೀಟಿ ಊದಿದರು. ಅವರ ಭಾಷೆಯಲ್ಲಿ ಅದು ಶಹಬ್ಬಾಸ್‌ಗಿರಿ. ಮನೆಗೆ ಬಂದು ಒಬ್ಬಳೇ ಬಚ್ಚಲಲ್ಲಿ ನಿಂತು ಅತ್ತೆ, ಸಂತೋಷಕ್ಕೇ. ನಲ್ಲಿ ಬಿಟ್ಟುಕೊಂಡು ಅತ್ತೆ, ಇವರಿಗೆ ಕೇಳಿಸದಿರಲೆಂದು.

ಇಲ್ಲಿಗೆ ಮುಗಿದಿದ್ದರೆ ಈ ಪತ್ರವನ್ನು ಇವರ ಕೈಲೇ ಟಪಾಲಿಗೆ ಹಾಕಿಸುತ್ತಿದ್ದೆ.

ಹಗ್ಗ ಕಟ್ಟಿಕೊಂಡು ಓಡಿದರೆ ಮತ್ತೆ ಅದೇ ಹಳೆಯ ಸಮಯ. ಒಬ್ಬಳೇ ಓಡಿದಾಗ ಬಂದ ವೇಗ ಇವರ ಪಕ್ಕದಲ್ಲಿ ಬರುವುದಿಲ್ಲ. ಹೊರಡುವಾಗ ಚೆನ್ನಾಗಿಯೇ ಹೊರಡುತ್ತೇವೆ. ಅರ್ಧ ದಾರಿ ಕಳೆಯುತ್ತಿದ್ದಂತೆ ಹಗ್ಗ ಸಡಿಲಾಗುತ್ತದೆ. ಇವರಿಗೆ ಸುಸ್ತಾಗಿದೆ ಎಂದು ನಾನು ಒಂದಿಷ್ಟು ಇಳಿಸುತ್ತೇನೆ. ಸ್ವಲ್ಪ ಹೊತ್ತಿಗೆ ಮತ್ತೆ ಸಡಿಲಾಗುತ್ತದೆ. ಮತ್ತೆ ಇಳಿಸುತ್ತೇನೆ. ಕೊನೆಗೆ ಬರುವಷ್ಟರಲ್ಲಿ ಟೈಲರಮ್ಮನ ಜೊತೆ ಮಾರುಕಟ್ಟೆಗೆ ಹೋಗುವ ವೇಗ.

ಇವರಿಗೇನೋ ಆಗಿದೆ ಎಂದು ನನಗೆ ಭಯ. ತೆಳ್ಳಗಾಗಿದ್ದಾರೆ. ಕಣ್ಣು ಹೋದದ್ದೂ ಹೀಗೇ ಅಲ್ಲವೇ, ಯಾರಿಗೂ ಹೇಳದೆ, ಮೊದಲು ಮೂಲೆಗಳಲ್ಲಿ, ಆಮೇಲೆ ನಡುವೆ. ಮುಂಜಾನೆ ಎದ್ದಾಗ ಇವರ ಉಸಿರು ಕೇಳುತ್ತಾ ಸ್ವಲ್ಪ ಹೊತ್ತು ಕೂತಿರುತ್ತೇನೆ. ಕೇಳಬೇಕು, ಏನಾಗ್ತಿದೆ ನಿಮಗೆ ಎಂದು. ಬಾಯಿಯವರೆಗೆ ಬರುತ್ತದೆ. 'ಕಾಫಿ ಕುಡೀತೀರಾ' ಎಂದು ಕೇಳಿ ಎದ್ದು ಹೋಗುತ್ತೇನೆ.

ಮೇಷ್ಟ್ರಿಗೂ ಏನೋ ಅನುಮಾನ ಬಂದಿದೆ. ಬರುವ ಶನಿವಾರ ನಮ್ಮಿಬ್ಬರನ್ನೂ ಬಿಡಿಸಿ ಓಡಿಸುತ್ತಾರಂತೆ. ನಾನು ಒಬ್ಬಳೇ. ಇವರ ಜೊತೆಗೆ ಅಗ್ನಿಶಾಮಕ ಠಾಣೆಯ ಹುಡುಗ. ಹುಡುಗನೆಂದರೆ ಮೂವತ್ತು ದಾಟಿದವನು, ಎರಡು ಮಕ್ಕಳ ತಂದೆ. ಎಲ್ಲರೂ ಅವನನ್ನು ಫೈರ್ ಎನ್ನುತ್ತಾರೆ. ಒಳ್ಳೆಯವನು, ಬಾಯಿ ಜೋರು. ಹಗ್ಗ ಕೈಗೆ ಹಾಕಿಕೊಂಡು ನೋಡಿ, 'ಅತ್ತಿಗೇ, ಇಷ್ಟು ಚಿಕ್ಕ ಹಗ್ಗದಲ್ಲಿ ಯಾರನ್ನೂ ಬಾವಿಯಿಂದ ಎತ್ತಕ್ಕಾಗಲ್ಲ' ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನೀನು ಹುಷಾರಾಗಿರು. ಕಂಬಿ ಯಾವ ಪಕ್ಕಕ್ಕೇ ಇರಲಿ, ಹಿಡಿದುಕೋ. ಎಲ್ಲರಿಗೂ ಶುಭವಾಗಲಿ.

ಕಡ್ಡಿ

ಮತ್ತೆ: ಫೈರ್ ಜೊತೆ ಓಡಿದರೂ ಇವರು ನಿಧಾನವೇ ಆಗಲಿ ಎಂದು ನಾನು ಆಸೆಪಡುತ್ತಿದ್ದೇನೆ ಅಕ್ಕ. ಹಾಗಾದರೆ ಇವರ ಮೈಯಲ್ಲಿ ಏನೋ ಕಾಯಿಲೆ ಇದೆಯೆಂದೇ ಅರ್ಥ. ಆದರೂ ಅದನ್ನೇ ಆಸೆಪಡುತ್ತಿದ್ದೇನೆ. ಎಂಥವಳು ನಾನು?


ಸೆಪ್ಟೆಂಬರ್ 21, ಭಾನುವಾರ

ಪ್ರೀತಿಯ ಅಕ್ಕ,

ನೀನು ಎರಡು ಸಲ ಬರೆದೆ, ಒಮ್ಮೆ ಭಾವನ ಕೈಲಿ ಫೋನ್ ಮಾಡಿಸಿದೆ, ನಾನು 'ಎಲ್ಲಾ ಚೆನ್ನಾಗಿದೆ' ಎಂದಷ್ಟೇ ಹೇಳಿ ಇಟ್ಟೆ. ಇವರು ಪಕ್ಕದಲ್ಲೇ ಇದ್ದರು. ಈಗ ಇಲ್ಲ, ಫೈರ್ ಮನೆಗೆ ಊಟಕ್ಕೆ ಹೋಗಿದ್ದಾರೆ. ನನಗೆ ತಲೆನೋವೆಂದು ಹೇಳಿ ಉಳಿದುಕೊಂಡೆ. ನಿನ್ನ ಸಿಟ್ಟನ್ನೆಲ್ಲ ಈ ಪತ್ರದ ಮೇಲೆ ತೀರಿಸಿಕೋ.

ಒಳ್ಳೆಯ ಸುದ್ದಿ ಮೊದಲು. ಇವರು ಆ ಸಮಯದೊಳಗೆ ಮುಗಿಸಿದರು. ತಂಡದಲ್ಲಿ ಹೆಸರು ಬಂದಿದೆ. ಮುಂದಿನ ವಾರ ಶಿಬಿರಕ್ಕೆ ಹೊರಡುತ್ತಾರೆ.

ಇನ್ನು ಮೇ ತಿಂಗಳ ಆ ಶನಿವಾರದ ವಿಷಯ. ಮೊದಲು ನನ್ನನ್ನು ಓಡಿಸಿದರು. ಚೆನ್ನಾಗಿ ಓಡಿದೆ, ಬೇಕಾದ್ದಕ್ಕಿಂತ ವೇಗವಾಗಿಯೇ. ಆಮೇಲೆ ಇವರನ್ನು ಫೈರ್ ಜೊತೆ ಬಿಟ್ಟರು. ನಾನು ಕಂಬಿ ಬೇಲಿಯ ಆಚೆ ನಿಂತು ನೋಡಿದೆ. ಇಷ್ಟು ವರ್ಷ ಇವರ ಪಕ್ಕದಲ್ಲೇ ಓಡಿದ್ದರಿಂದ ಇವರು ಓಡುವುದನ್ನು ನಾನು ಎದುರಿನಿಂದ ನೋಡಿಯೇ ಇರಲಿಲ್ಲ. ಇವರ ಮುಖ ಬೇರೆಯೇ ಆಗಿತ್ತು. ಹಲ್ಲು ಕಚ್ಚಿದ್ದರು, ಕುತ್ತಿಗೆಯ ನರ ಎದ್ದಿತ್ತು. ಪ್ರತಿ ಸುತ್ತಿಗೂ ಫೈರ್ 'ಏನಣ್ಣಾ, ಇನ್ನೂ ಇದೆಯಾ?' ಎಂದು ಕೂಗುತ್ತಿದ್ದ. ಇವರು 'ಇದೆ, ಎಳಿ!' ಎಂದು ಕೂಗುತ್ತಿದ್ದರು. ಎರಡು ವರ್ಷದಲ್ಲಿ ಒಮ್ಮೆಯೂ ಬಾರದ ಸಮಯ ಅಂದು ಬಂತು.

ಕಾಯಿಲೆಯಿಲ್ಲ, ಏನೂ ಇಲ್ಲ. ನನಗೆ ಎಷ್ಟು ಸಮಾಧಾನವಾಯಿತೋ ಅಷ್ಟೇ ಸಂಕಟವೂ ಆಯಿತು.

ಮೇಷ್ಟ್ರು ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿದರು. ಇವರ ಕಡೆ ತಿರುಗಿ, 'ಅಲ್ಲಯ್ಯಾ, ಹೆಂಡ್ತಿ ಜೊತೆ ಓಡೋವಾಗ ಯಾಕೆ ನಿಧಾನ ಆಗ್ತೀಯ?' ಎಂದರು.

'ಅವಳ ಉಸಿರು ಏರ್ತಿತ್ತು ಮೇಷ್ಟ್ರೇ. ನಂಗೆ ಕೇಳ್ಸುತ್ತಲ್ಲ. ಕಷ್ಟಪಡ್ತಿದಾಳೆ ಅಂತ ಸ್ವಲ್ಪ ಬಿಡ್ತಿದ್ದೆ.'

'ನೀನಮ್ಮಾ?'

'ಹಗ್ಗ ಸಡಿಲಾಗ್ತಿತ್ತು. ಇವರಿಗೆ ಸುಸ್ತಾಯ್ತು ಅಂದ್ಕೊಂಡು ಇಳಿಸ್ತಿದ್ದೆ.'

'ನೀನು ಇಳಿಸಿದ್ದು ನೋಡಿ ಅವನು ಇನ್ನೂ ಇಳಿಸ್ದ. ಅವನನ್ನ ನೋಡಿ ನೀನು ಇಳಿಸ್ದೆ. ಬಾಯಿ ಯಾತಕ್ಕಿದೆ ನಿಮಗೆ? ಒಬ್ರಾದ್ರೂ ಕೇಳ್ಬಾರ್ದಾ, ಸುಸ್ತಾಯ್ತಾ ಅಂತ?'

ಅವರಿಗೆ ಏನೆಂದು ಹೇಳುವುದು? ಅದೊಂದನ್ನು ಬಿಟ್ಟು ಬೇರೆಲ್ಲ ಕೇಳುತ್ತೇವೆ ಎಂದೇ?

ಇನ್ನೊಂದು ಅವಕಾಶ ಕೊಡಿ ಎಂದು ನಾನೇ ಬೇಡಿಕೊಂಡೆ. ಕೊಟ್ಟರು. ಎರಡು ವಾರ ಹಗ್ಗ ಕಟ್ಟಿಕೊಂಡು ಮಾತಾಡುತ್ತಾ ಓಡಿದೆವು. ನಾನು 'ಸುಸ್ತಾಯ್ತಾ ನಿಮಗೆ?' ಎಂದರೆ ಇವರು 'ಇಲ್ಲ, ನಿನಗೆ?' ಎನ್ನುವರು. ನಾನು 'ಇಲ್ಲ' ಎನ್ನುವೆ. ಇಬ್ಬರೂ ನಂಬುತ್ತಿರಲಿಲ್ಲ. ನಂಬದೆ ಇನ್ನೂ ನಿಧಾನವಾಗುತ್ತಿದ್ದೆವು. ಒಂದು ದಿನ ಕಾಲುವೆ ದಾರಿಯಲ್ಲಿ ಇವರು ಇದ್ದಕ್ಕಿದ್ದಂತೆ ನಿಂತು, 'ನೀನು ಸುಳ್ಳು ಹೇಳ್ತಿದೀಯ' ಎಂದರು. 'ನೀವು?' ಎಂದೆ. 'ನಾನೂ' ಎಂದರು. ಉಳಿದ ದಾರಿ ನಡೆದುಕೊಂಡು ಬಂದೆವು. ದಾರಿಯಲ್ಲಿ ಹಳ್ಳ ಬಂದಾಗ 'ಹಳ್ಳ' ಎಂದೆ, ಅಷ್ಟೇ ಮಾತು.

ಮರುದಿನ ಮೇಷ್ಟ್ರ ಮನೆಗೆ ಒಬ್ಬಳೇ ಹೋಗಿ ಹಗ್ಗ ಕೊಟ್ಟು ಬಂದೆ. 'ಫೈರ್‌ಗೆ ಕಟ್ಟಿ' ಎಂದೆ. ಅವರು ಬೇಡವೆನ್ನುತ್ತಾರೆ ಎಂದು ಸ್ವಲ್ಪ ಹೊತ್ತು ನಿಂತಿದ್ದೆ. 'ಒಳಗೆ ಬಾಮ್ಮಾ, ಕಾಫಿ ಕುಡಿದು ಹೋಗು' ಎಂದರು. ಕುಡಿದು ಬಂದೆ.

ಮನೆಗೆ ಬಂದು ಇವರಿಗೆ ಹೇಳಿದೆ. 'ಓಟದಲ್ಲಿ ಮಾತ್ರ ಹೀಗಾ, ಇಲ್ಲಾ ಎಲ್ಲಾದ್ರಲ್ಲೂ ಹೀಗೇ ಇದೀವಾ ನಾವು?' ಎಂದರು. ನನಗೂ ಅದೇ ಯೋಚನೆ. ಊರು ಬಿಟ್ಟು ಹೋಗೋಣವೆಂದು ಒಂದು ಕಾಲದಲ್ಲಿ ಅಂದುಕೊಂಡಿದ್ದೆವು. ಇವರಿಗೆ ಇಷ್ಟವಿಲ್ಲವೆಂದು ನಾನು ಬಿಟ್ಟೆ, ನನಗೆ ಇಷ್ಟವಿಲ್ಲವೆಂದು ಇವರು ಬಿಟ್ಟರಂತೆ. ಮಗುವಿನ ವಿಷಯವನ್ನೂ ಹಾಗೇ ಬಿಟ್ಟೆವು. ಅಂದು ಸಂಜೆ ಒಂದೊಂದಾಗಿ ತೆಗೆದು ನೋಡುತ್ತಾ ಹೋದರೆ ಮುಗಿಯಲೇ ಇಲ್ಲ. ಪರಸ್ಪರ ಒಳ್ಳೆಯವರಾಗಿ ಇದ್ದೇವೆಂದು ತಿಳಿದಿದ್ದೆವು, ಒಳ್ಳೆಯವರೇ. ಆದರೆ ನಮ್ಮಿಬ್ಬರಲ್ಲಿ ಯಾರೂ ಹೋಗಬೇಕೆಂದ ಜಾಗಕ್ಕೆ ಹೋಗಿಲ್ಲ. ಕೊನೆಗೆ ಇವರೇ 'ಸಾಕು ಬಿಡು, ಅನ್ನ ಬಡಿಸು' ಎಂದರು.

ಜೂನ್, ಜುಲೈ, ಆಗಸ್ಟ್ ಫೈರ್ ಜೊತೆ ಓಡಿದರು. ಬೆಳಗ್ಗೆ ಅವನು ಬಾಗಿಲಲ್ಲಿ ನಿಂತು 'ಅಣ್ಣಾ, ಬೆಂಕಿ!' ಎಂದು ಕೂಗಿದರೆ ಇವರು ಚಿಕ್ಕ ಹುಡುಗನ ಹಾಗೆ ಎದ್ದು ಹೊರಡುವರು. ವಾಪಸು ಬಂದು ಸೋತು ನೆಲದ ಮೇಲೆ ಉದ್ದಕ್ಕೆ ಮಲಗುವರು, ಅಂಗಾತ. ಗೋಡೆಯ ಕಡೆಗಲ್ಲ. ಅದನ್ನು ನೋಡಿದಾಗೆಲ್ಲ ನಾನು ಮಾಡಿದ್ದು ಸರಿ ಎನಿಸುತ್ತಿತ್ತು. ನಾನೂ ಓಡುವುದು ಬಿಡಲಿಲ್ಲ. ಅಷ್ಟೇ ದೂರ, ಹಾಗೇ ನಿಧಾನದ ದಿನ, ಬಿರುಸಿನ ದಿನ. ಯಾಕೆಂದು ಟೈಲರಮ್ಮ ಕೇಳಿದರು. 'ಅಭ್ಯಾಸ' ಎಂದೆ.

ಓಟದ ದಿನ ಬೆಳಗ್ಗೆ ಮೋಡವಿತ್ತು, ಒಳ್ಳೆಯದೇ ಆಯಿತು. ಅರ್ಧ ದೂರದವರೆಗೆ ಇವರು ಸಮಯಕ್ಕಿಂತ ಸ್ವಲ್ಪ ಮುಂದಿದ್ದರು. ಸೇತುವೆ ಇಳಿಯುವಾಗ ಒಬ್ಬ ಅಡ್ಡ ಬಂದು ಇವರ ಮೊಣಕೈಗೆ ತಾಗಿದ, ತತ್ತರಿಸಿದರು, ಬೀಳಲಿಲ್ಲ. ಕೊನೆಯ ಭಾಗದಲ್ಲಿ ತೊಡೆ ಹಿಡಿದುಕೊಂಡಿತು. ಫೈರ್ 'ನಿಲ್ಲಿಸ್ಲಾ?' ಎಂದ. 'ನಿಲ್ಸಿದ್ರೆ ನಿನ್ನ ಠಾಣೆಗೇ ಬೆಂಕಿ ಹಾಕ್ತೀನಿ' ಎಂದರು. ಕುಂಟುತ್ತಾ ಓಡಿದರು. ಗೆರೆ ದಾಟುವಾಗ ಗಡಿಯಾರದಲ್ಲಿ ಒಂದು ನಿಮಿಷವೂ ಉಳಿದಿರಲಿಲ್ಲ. ಅಲ್ಲೇ ಮಂಡಿಯೂರಿ ಕೂತರು. ಮೇಷ್ಟ್ರು ಸೀಟಿ ಊದಲು ಹೋಗಿ, ಊದಲಾಗದೆ, ಅತ್ತರು.

ಎಲ್ಲರೂ ನನ್ನನ್ನು ಹೊಗಳುತ್ತಿದ್ದಾರೆ. ಲ್ಯಾಬಿನಲ್ಲಿ ಸಿಹಿ ಹಂಚಿದೆ. ನಮ್ಮ ಮುಖ್ಯಸ್ಥರು 'ಇದು ನಿಮ್ಮ ಗೆಲುವೂ ಹೌದು' ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನೀನೂ ಇವರಿಗೆ ಬೇರೆಯಾಗಿ ಎರಡು ಸಾಲು ಬರೆದು ಹರಸು, ನಾನು ಓದಿ ಹೇಳುತ್ತೇನೆ. ನಿನ್ನ ಮನೆಯವರೆಲ್ಲ ಚೆನ್ನಾಗಿರಲಿ. ಇವರು ಶಿಬಿರಕ್ಕೆ ಹೋದ ಮೇಲೆ ಸ್ವಲ್ಪ ದಿನ ಅಲ್ಲಿಗೆ ಬರಲೇ? ಬೇಡವೆನಿಸಿದರೆ ಬೇಡ ಎಂದೇ ಹೇಳು, ನನಗಾಗಿ ಹೂಂ ಅನ್ನಬೇಡ.

ನಿನ್ನ ತಂಗಿ,
ಕಡ್ಡಿ

ಮತ್ತೆ: ಓಟದ ಬಗ್ಗೆ ಮೇಲೆ ಬರೆದದ್ದೆಲ್ಲ ಫೈರ್ ಬಾಯಿಂದ ಕೇಳಿದ್ದು. ನಾನು ಅಲ್ಲಿರಲಿಲ್ಲ. ಹಿಂದಿನ ದಿ‌ನ ಇವರು ನನ್ನ ಕೈ ಹಿಡಿದುಕೊಂಡು, 'ಒಂದು ಮಾತು ಹೇಳ್ಲಾ, ತಪ್ಪು ತಿಳ್ಕೋಬೇಡ. ನಾಳೆ ನೀನು ಬರ್ಬೇಡ. ದಾರಿ ಪಕ್ಕದಲ್ಲಿ ಎಲ್ಲೋ ನಿಂತಿದೀಯ ಅಂತ ಗೊತ್ತಾದ್ರೂ ಸಾಕು, ನಾನು ನಿನ್ನ ಹುಡುಕ್ತೀನಿ. ಕಾಲು ಎತ್ತಕ್ಕಾಗಲ್ಲ' ಎಂದರು. 'ಅಯ್ಯೋ, ಅದಕ್ಕೇನಂತೆ' ಎಂದೆ. ಬೆಳಗ್ಗೆ ಫೈರ್ ಬಂದು ಕರೆದುಕೊಂಡು ಹೋದ. ನಾನು ಬಾಗಿಲು ಹಾಕಿ ಶೂ ಕಟ್ಟಿಕೊಂಡು ಕಾಲುವೆ ದಾರಿಗೆ ಹೋದೆ. ಪೂರ್ತಿ ದೂರ ಓಡಿದೆ ಅಕ್ಕ, ಒಬ್ಬಳೇ. 'ಹಳ್ಳ' ಎಂದೆ, 'ಎಡಕ್ಕೆ' ಎಂದೆ, ಗಟ್ಟಿಯಾಗಿಯೇ, ಕೊನೆಯವರೆಗೂ. ಮೀನು ಹಿಡಿಯುತ್ತಾ ಕೂತಿದ್ದವನೊಬ್ಬ ತಿರುಗಿ ನನ್ನ ಪಕ್ಕದಲ್ಲಿ ಯಾರಿದ್ದಾರೆಂದು ನೋಡಿದ. ಮುಗಿಸಿ ಗಡಿಯಾರ ನೋಡಿದೆ. ಇವರಿಗೆ ಬೇಕಿದ್ದ ಸಮಯಕ್ಕಿಂತ ನಾಲ್ಕು ನಿಮಿಷ ಮುಂಚೆ ಬಂದಿದ್ದೆ, ಕೊನೆಯ ಹೆಜ್ಜೆಯಲ್ಲೂ ಮಾತಾಡುವಷ್ಟು ಉಸಿರಿತ್ತು. ಇವರಿಗೆ ಹೇಳಿಲ್ಲ, ನೀನೂ ಹೇಳಬೇಡ. ಹೇಳಿದರೆ ಶಿಬಿರಕ್ಕೆ ಫೈರ್ ಬೇಡ, ನೀನೇ ಬಾ ಎನ್ನುತ್ತಾರೆ. ನಾನೂ ಹೂಂ ಎಂದು ಹೋಗಿಬಿಡುತ್ತೇನೆ.